ಅರ್ಕಾವತ್ತಿನ ಜಾಗ

"ಸೂರ್ಯ" ಎಂಬ ಪದವನ್ನು ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ "ಸೂಯರ" ಎಂದು ಓದಿದಳು. ಪಕ್ಕದಲ್ಲಿ ಕೂತಿದ್ದ ನಾನು ಬೈದೆ. ದಿನಾ ಸಂಜೆ ಎರಡು ಗಂಟೆ ಪುಸ್ತಕ ಹಿಡಿದು ಕೂರುವ ಹುಡುಗಿ, ಬೇಕಂತಲೇ ಹೀಗೆ ಮಾಡುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಅಮ್ಮನ ಜೊತೆ ರೊಟ್ಟಿ ತಟ್ಟಲು ಕೂತಳು. ಆವತ್ತು ನಾನಾಡಿದ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ನಾನು ಸಕಲೇಶಪುರದ ಹಾನುಬಾಳು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬರೆಯುವುದೇ ನನ್ನ ಕೆಲಸ. ಕೆಲಸದವರ ಹಾಜರಿ, ಹಣ್ಣಿನ ತೂಕ, ಗೊಬ್ಬರದ ಲೆಕ್ಕ, ಎಲ್ಲ ನನ್ನ ಕೈಯಲ್ಲೇ. ಅಕ್ಷರ ಅಂದರೆ ನೀರು ಕುಡಿದಷ್ಟು ಸುಲಭ ಎಂದು ತಿಳಿದವನು. ಮಗಳಿಗೆ ಅದು ಸುಲಭವಲ್ಲ ಎಂದು ಅರ್ಥವಾಗಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಅಷ್ಟು ವರ್ಷ ಗೊತ್ತಾಗಲಿಲ್ಲವಾ ಎಂದು ಜನ ಕೇಳುತ್ತಾರೆ. ಗೊತ್ತಾಗದಿರಲು ಕಾರಣ ಇತ್ತು. ಅವಳು ಗಲಾಟೆ ಮಾಡುವ ಮಗುವಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದಳು. ಪೋಷಕರ ಸಭೆಗೆ ಹೋದಾಗೆಲ್ಲ "ತುಂಬಾ ಸೈಲೆಂಟ್ ಸರ್, ಒಳ್ಳೆ ಹುಡುಗಿ, ಸ್ವಲ್ಪ ಓದಿಸಿ" ಎಂಬ ಮಾತು ಬಿಟ್ಟರೆ ಬೇರೆ ಏನೂ ಕೇಳಿರಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ರಾತ್ರಿ ಪಾಠವನ್ನು ಜೋರಾಗಿ ಓದಿ ಹೇಳುತ್ತಿದ್ದಳು. ಒಂದು ಸಲ ಕೇಳಿದರೆ ಮಗಳಿಗೆ ಇಡೀ ಪಾಠ ನೆನಪಿರುತ್ತಿತ್ತು. ಆ ನೆನಪಿನ ಬಲದಲ್ಲೇ ಎಂಟನೇ ತರಗತಿವರೆಗೆ ಬಂದಳು. ಗಂಡು ಹುಡುಗ ಆಗಿದ್ದು ಕಿಟಕಿ ಗಾಜು ಒಡೆದಿದ್ದರೆ ಯಾರಾದರೂ ಮೊದಲೇ ಗಮನಿಸುತ್ತಿದ್ದರೇನೋ. ಸುಮ್ಮನಿರುವ ಹೆಣ್ಣುಮಗು ಕಣ್ಣಿಗೆ ಬೀಳುವುದು ಕಷ್ಟ.

ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶಾಲೆಯವರು ಕರೆಸಿದರು. ಅದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ, ಹೆಸರು ಬೇಡ. "ನಮ್ಮ ಎಸ್ಸೆಸ್ಸೆಲ್ಸಿ ರಿಸಲ್ಟ್ ನೂರಕ್ಕೆ ನೂರು ಬರ್ತಿದೆ. ಇವಳನ್ನ ಬೇರೆ ಕಡೆ ಹಾಕಿ ನೋಡಿ, ಟಿಸಿ ಕೊಡ್ತೀವಿ" ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆ ರಕ್ಷಣೆ ಒಂಬತ್ತಕ್ಕೆ ಮುಗಿಯುತ್ತದೆ. ನಮ್ಮಂಥ ಮಕ್ಕಳ ತಂದೆತಾಯಿಗೆ ಈ ಮಾತು ಒಂಬತ್ತನೇ ತರಗತಿಯಲ್ಲೇ ಕೇಳಿ ಬರಲು ಅದೂ ಒಂದು ಕಾರಣ ಎಂದು ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ತಲೆ ತಗ್ಗಿಸಿ ಎದ್ದು ಬಂದೆ.

ದಾರಿ ತೋರಿಸಿದ್ದು ನಮ್ಮ ತೋಟದ ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರು. "ಟಿಸಿ ಈಗಲೇ ತಗೋಬೇಡಿ. ಬಿಆರ್‌ಸಿ ಆಫೀಸಲ್ಲಿ, ಅಂದ್ರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅಂತ ಒಬ್ಬರು ಟೀಚರ್ ಇರ್ತಾರೆ, ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತಲೇ. ಒಂದ್ಸಲ ತೋರಿಸಿ" ಎಂದರು. ಪ್ರತಿ ತಾಲ್ಲೂಕಿನಲ್ಲೂ ಇಂಥ ಸಂಪನ್ಮೂಲ ಶಿಕ್ಷಕರು ಇರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಮೇಡಂ ಮಗಳನ್ನು ಕೂರಿಸಿಕೊಂಡು, "ನಿಮ್ಮ ತೋಟದ ಬಗ್ಗೆ ಹೇಳು" ಎಂದರು. ಮಗಳು ಶುರು ಮಾಡಿದಳು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಕಾಂಡದ ಮೇಲೆ ಏಣು ಎದ್ದಂತೆ ಕಾಣುತ್ತದೆ, ಎಲೆ ಹಳದಿಯಾಗುತ್ತದೆ, ರೊಬಸ್ಟಾಕ್ಕೆ ಆ ಕಾಟ ಇಲ್ಲ, ಹೂಮಳೆ ತಡವಾದರೆ ಮೊಗ್ಗು ಒಣಗುತ್ತದೆ. ಕಾಲು ಗಂಟೆ ನಿಲ್ಲಿಸದೆ ಹೇಳಿದಳು. "ಈಗ ಇದನ್ನೇ ಬರಿ" ಎಂದು ಹಾಳೆ ಕೊಟ್ಟರು. ಇನ್ನೊಂದು ಕಾಲು ಗಂಟೆಯಲ್ಲಿ ಮೂರು ಸಾಲು ಬಂತು. ಅದರಲ್ಲಿ ಒತ್ತಕ್ಷರ ಇರುವ ಪದ ಒಂದೂ ಇರಲಿಲ್ಲ. ತಪ್ಪಾಗುತ್ತದೆ ಎಂದು ಅಂಥ ಪದಗಳನ್ನೇ ಬಿಟ್ಟು ಬರೆದಿದ್ದಳು. "ಕೊರಕ" ಇತ್ತು, "ರೊಬಸ್ಟಾ" ಇರಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ಮೇಡಂ ಹೇಳಿದರು: "ನೋಡಿ ಸರ್, ಇವಳಿಗೆ ಗೊತ್ತಿರೋದು ಇಷ್ಟು ದೊಡ್ಡದು. ಹಾಳೆ ಮೇಲೆ ಬರೋದು ಇಷ್ಟೇ. ನೀವು ಇಷ್ಟು ದಿನ ಹಾಳೆಗೆ ಮಾರ್ಕ್ಸ್ ಹಾಕ್ತಾ ಇದ್ರಿ."

ಡಿಸ್ಲೆಕ್ಸಿಯಾ ಎಂಬ ಪದ ಆವತ್ತು ಮೊದಲ ಸಲ ನಮ್ಮ ಮನೆಗೆ ಬಂತು. ಕನ್ನಡದಲ್ಲಿ ಕಲಿಕಾ ನ್ಯೂನತೆ ಎನ್ನುತ್ತಾರೆ. ಆ ಪದ ನನಗೆ ಇಷ್ಟವಿಲ್ಲ. ಕಲಿಯುವುದರಲ್ಲಿ ಅವಳಿಗೆ ಕೊರತೆ ಇರಲಿಲ್ಲ. ಕಣ್ಣಿಗೆ ಕಂಡ ಅಕ್ಷರವನ್ನು ಶಬ್ದಕ್ಕೆ ಜೋಡಿಸುವ ಕೆಲಸ ನಮಗೆ ತಾನಾಗಿ ಆಗುತ್ತದೆ. ಅವಳಿಗೆ ಪ್ರತಿ ಸಲವೂ ಹೊಸದಾಗಿ ಮಾಡಬೇಕು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಕಣ್ಣು, ಕಿವಿ ತೋರಿಸಿದೆವು. ಎರಡೂ ಸರಿಯಿದ್ದವು. ನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲು. ಅಲ್ಲಿ ಎರಡು ದಿನ ತಪಾಸಣೆ ನಡೆಯಿತು. ಬುದ್ಧಿಮಟ್ಟದ ಪರೀಕ್ಷೆ ಬೇರೆ. ಓದಿಸುವುದು, ಉಕ್ತಲೇಖನ, ನೋಡಿ ಬರೆಯುವುದು, ಲೆಕ್ಕ, ಇವೆಲ್ಲ ಬೇರೆ ಬೇರೆ. ಬುದ್ಧಿಮಟ್ಟ ಚೆನ್ನಾಗಿಯೇ ಇದೆ, ಓದು ಬರಹ ಮಾತ್ರ ನಾಲ್ಕನೇ ತರಗತಿಯ ಮಟ್ಟದಲ್ಲಿ ನಿಂತಿದೆ ಎಂದರು.

ಅಲ್ಲಿ ಒಂದು ಪ್ರಶ್ನೆ ಕೇಳಿದರು. "ನಿಮ್ಮ ಮನೆತನದಲ್ಲಿ ಓದೋಕೆ ಕಷ್ಟಪಟ್ಟವರು ಯಾರಾದ್ರೂ ಇದಾರಾ?" ಇದು ಮನೆತನದಲ್ಲಿ ಬರುವ ಸಾಧ್ಯತೆ ಇರುತ್ತದಂತೆ. ಇಲ್ಲ ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತೆ. ನನ್ನ ತಮ್ಮ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಯಾವ ಪಂಪ್‌ಸೆಟ್ ಕೊಟ್ಟರೂ ಬಿಚ್ಚಿ ಕೂರಿಸುತ್ತಾನೆ, ಆದರೆ ಬಸ್ಸಿನ ಬೋರ್ಡ್ ಓದಲು ಪಕ್ಕದವರನ್ನು ಕೇಳುತ್ತಾನೆ. ಅವನಿಗೆ ನಮ್ಮಪ್ಪ ಹುಣಸೆ ಬರಲಿನಲ್ಲಿ ಹೊಡೆದದ್ದು ನಾನು ಕಂಡಿದ್ದೇನೆ. ದಡ್ಡ ಎಂದೇ ಅವನನ್ನು ಇಡೀ ಊರು ಕರೆಯಿತು. ವಾಪಸ್ ಬರುವಾಗ ರೈಲಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಮಗಳ ರಿಪೋರ್ಟನ್ನು ತಮ್ಮನಿಗೆ ತೋರಿಸಿ ವಿವರಿಸಿದೆ. "ಹಂಗಾದ್ರೆ ನಂದೂ ಇದೇನಾ ಅಣ್ಣಾ?" ಎಂದು ಕೇಳಿ ತುಂಬಾ ಹೊತ್ತು ಅಂಗಳದಲ್ಲೇ ಕೂತಿದ್ದ.

ಮುಂದಿನದು ಸರ್ಟಿಫಿಕೇಟ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಸೇರಿದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯರ ಮಂಡಳಿ ಬರೆದುಕೊಟ್ಟರೆ ಮಗುವಿಗೆ ಕಾಯ್ದೆಯ ಪೂರ್ತಿ ಸವಲತ್ತು ಸಿಗುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮೊಬೈಲಿನಲ್ಲೇ ಅರ್ಜಿ ಹಾಕಿದೆ. ಅದು ಕಷ್ಟವಾಗಲಿಲ್ಲ. ಆಮೇಲಿನ ಓಡಾಟ ಜಾಸ್ತಿಯಾಯಿತು. ಒಂದು ಕಚೇರಿಯಲ್ಲಿ, "ಕೈಕಾಲು ಸರಿ ಇದೆ, ಕಣ್ಣು ಕಾಣ್ತದೆ, ಇವಳಿಗೆಂಥ ಸರ್ಟಿಫಿಕೇಟು?" ಎಂದು ಅವಳ ಎದುರೇ ಕೇಳಿದರು. ನಾಲ್ಕು ಸಲ ಹೋಗಿ ಬಂದ ಮೇಲೆ ಕೈಗೆ ಬಂತು.

ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತುಕತೆ ನಡೆದಿತ್ತು. ಹೆಂಡತಿಗೆ ಇದು ಬೇಡವಾಗಿತ್ತು. "ನಾಳೆ ಹುಡುಗಿ ಮದುವೆಗೆ ಬಂದಾಗ ಈ ಕಾರ್ಡ್ ಅಡ್ಡ ಬರಲ್ವಾ?" ಎಂದಳು. ಅವಳ ಭಯ ಸುಳ್ಳಲ್ಲ, ನಮ್ಮ ನೆಂಟರನ್ನು ನಾನೂ ಬಲ್ಲೆ. ಮಗಳೇ ಒಂದು ರಾತ್ರಿ ಕೇಳಿದಳು: "ಅಪ್ಪಾ, ನಾನು ವಿಕಲಚೇತನಳಾ?" ಏನು ಹೇಳಬೇಕೋ ತಿಳಿಯಲಿಲ್ಲ. ಕನ್ನಡಕ ಇಲ್ಲದೆ ನಾನು ಹಾಜರಿ ಪುಸ್ತಕ ಓದಲಾರೆ, ಕನ್ನಡಕ ತೆಗೆದಿಟ್ಟು ಬರೆಯಿರಿ ಅಂದರೆ ನನಗೂ ಕೆಲಸ ಹೋಗುತ್ತದೆ, ನಿನಗೆ ಬೇಕಾದ ಕನ್ನಡಕ ಕೇಳಲು ಈ ಕಾಗದ ಬೇಕು ಎಂದೆ. ಅವಳಿಗೆ ಪೂರ್ತಿ ಸಮಾಧಾನ ಆಗಿರಲಾರದು. ಕಾರ್ಡನ್ನು ಇವತ್ತಿಗೂ ಅವಳು ಬ್ಯಾಗಿನ ಒಳಜೇಬಿನಲ್ಲೇ ಇಡುತ್ತಾಳೆ.

ಈಗ ಎರಡು ದಾರಿ ಇದ್ದವು. ಅದೇ ಶಾಲೆಯಲ್ಲಿ ಉಳಿದು ರಿಯಾಯಿತಿ ಪಡೆದು ಎಸ್ಸೆಸ್ಸೆಲ್ಸಿ ಬರೆಯುವುದು. ಇಲ್ಲವೇ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಎಲ್ಲರೂ ಎನ್‌ಐಒಎಸ್ ಅನ್ನುವ ಬೋರ್ಡಿನಲ್ಲಿ ಹತ್ತನೇ ತರಗತಿ ಕಟ್ಟುವುದು. ಮೊದಲನೆಯದನ್ನು ನಾನು ಸುಲಭಕ್ಕೆ ಬಿಡಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲೂ ಇಂಥ ಮಕ್ಕಳಿಗೆ ಬರೆದುಕೊಡುವವರು ಸಿಗುತ್ತಾರೆ, ಹೆಚ್ಚು ಸಮಯ ಸಿಗುತ್ತದೆ. ಒಳ್ಳೆಯ ಶಾಲೆ ಜೊತೆಗಿದ್ದರೆ ಅದು ಸಾಕು. ಆದರೆ ಅಲ್ಲಿ ಆರು ವಿಷಯ, ಅದರಲ್ಲಿ ಮೂರು ಭಾಷೆ. ಕನ್ನಡ, ಇಂಗ್ಲಿಷ್, ಹಿಂದಿ. ಭಾಷೆಯಲ್ಲಿ ವಿನಾಯಿತಿ ಸಿಗದಿದ್ದರೆ, ಒಂದು ಲಿಪಿಯ ಜೊತೆ ಗುದ್ದಾಡುವ ಮಗು ಮೂರು ಲಿಪಿ ಹೊರಬೇಕು. ಎನ್‌ಐಒಎಸ್‌ನಲ್ಲಿ ಐದು ವಿಷಯ ಸಾಕು, ಅದರಲ್ಲಿ ಒಂದು ಭಾಷೆ ಇದ್ದರೆ ಆಯಿತು. ಗಣಿತ, ವಿಜ್ಞಾನ ಕಡ್ಡಾಯವಲ್ಲ. 14 ವರ್ಷ ತುಂಬಿರಬೇಕು. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಒಂದು ಸಲ ಪರೀಕ್ಷೆ. ಎಲ್ಲ ವಿಷಯ ಒಟ್ಟಿಗೆ ಕಟ್ಟಬೇಕಿಲ್ಲ. ಒಂದು ಸಲ ಹೆಸರು ನೋಂದಾಯಿಸಿದರೆ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಪಾಸಾಗಲು 33.

ಇಷ್ಟನ್ನು ನನಗೆ ಬಿಡಿಸಿ ಹೇಳಿದವರು ಹಾಸನದ ಹೊರವಲಯದಲ್ಲಿ ಒಂದು ಸಣ್ಣ ಪರ್ಯಾಯ ಪ್ರೌಢಶಾಲೆ ನಡೆಸುವ ಟೀಚರ್. ಬಿಐಇಆರ್‌ಟಿ ಮೇಡಂ ಅವರ ನಂಬರ್ ಕೊಟ್ಟಿದ್ದರು. ಹೆಂಚಿನ ಮನೆ, ಹಿಂದೆ ತೆಂಗಿನ ತೋಟ, 20ರ ಆಸುಪಾಸು ಮಕ್ಕಳು. ಬೋರ್ಡ್ ಚಿಕ್ಕದು, ನಾವು ಎರಡು ಸಲ ದಾಟಿ ಹೋಗಿ ತಿರುಗಿ ಬಂದೆವು.

ಮಗಳಿಗೆ ಪ್ರವೇಶ ಪರೀಕ್ಷೆ ಇಡಲಿಲ್ಲ. ಒಂದು ವಾರ ಸುಮ್ನೆ ಬಂದು ಕೂತುಕೊಂಡು ಹೋಗು ಎಂದರು. ಆ ವಾರ ನಾನೂ ಎರಡು ದಿನ ಕೂತಿದ್ದೆ. ಒಬ್ಬ ಹುಡುಗ ನಿಂತುಕೊಂಡೇ ಲೆಕ್ಕ ಮಾಡುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿ ಬರುತ್ತಿದ್ದ, ಯಾರೂ ಏನೂ ಅನ್ನುತ್ತಿರಲಿಲ್ಲ. ಕೂತರೆ ಅವನಿಗೆ ತಲೆ ಓಡುವುದಿಲ್ಲವಂತೆ. ಕಿವಿ ಮಂದ ಇರುವ ಹುಡುಗಿಯೊಬ್ಬಳಿದ್ದಳು. ಅವಳಿಗೆ ತುಟಿ ಕಾಣಬೇಕು ಎಂದು ಅಲ್ಲಿಯ ಯಾವ ಟೀಚರೂ ಬೋರ್ಡಿನ ಕಡೆ ಮುಖ ಮಾಡಿ ಮಾತಾಡುತ್ತಿರಲಿಲ್ಲ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತು. ಗ್ಯಾರೇಜಿಗೆ ಕೆಲಸಕ್ಕೆ ಹೋಗಿ ಎರಡು ವರ್ಷ ಶಾಲೆ ತಪ್ಪಿಸಿಕೊಂಡಿದ್ದ ಹುಡುಗನಿಗೆ ಬೆಳಗ್ಗಿನ ಪಾಠ ಮಾತ್ರ, ಮಧ್ಯಾಹ್ನ ಅವನು ಗ್ಯಾರೇಜಿಗೇ ಹೋಗುತ್ತಿದ್ದ. ಶಾಲೆ ಎಂದರೆ ವಾಂತಿ ಬರುವಷ್ಟು ಹೆದರುವ ಇನ್ನೊಬ್ಬಳು ಮೊದಲ ತಿಂಗಳು ದಿನಕ್ಕೆ ಒಂದೇ ಗಂಟೆ ಬರುತ್ತಿದ್ದಳಂತೆ, ನಾನು ನೋಡಿದಾಗ ಅರ್ಧ ದಿನ ಇರುತ್ತಿದ್ದಳು. ಪ್ರತಿ ಮಗುವಿಗೂ ಒಂದು ಹಾಳೆ ಇತ್ತು. ಏನು ಚೆನ್ನಾಗಿ ಬರುತ್ತದೆ, ಎಲ್ಲಿ ತಡೆಯುತ್ತದೆ, ಮುಂದಿನ ಮೂರು ತಿಂಗಳಲ್ಲಿ ಏನು ಮಾಡೋಣ. ಆ ಹಾಳೆ ಬರೆಯುವಾಗ ಮಗುವೂ ಕೂತಿರಬೇಕು, ಅದು ಅಲ್ಲಿಯ ನಿಯಮ.

ಮಗಳಿಗೆ ಕನ್ನಡವನ್ನು ಮೊದಲಿಂದ ಕಲಿಸಿದರು. ಒಂಬತ್ತನೇ ತರಗತಿಯ ಹುಡುಗಿಗೆ ಮತ್ತೆ ಅಆಇಈ ಹಿಡಿಸಿದರೆ ಅವಮಾನ ಆಗುತ್ತದಲ್ವಾ ಎಂದು ನಾನು ಹೆದರಿದ್ದೆ. ಅವರು ಹಾಗೆ ಮಾಡಲಿಲ್ಲ. ಎಲ್ಲಿ ತಡೆಯುತ್ತದೆ ಎಂದು ಮೊದಲು ಹುಡುಕಿದರು. ವ ಮತ್ತು ಮ, ಥ ಮತ್ತು ಧ, ಇವು ಅವಳಿಗೆ ಕಲಸಿಹೋಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ತೊಡಕು ಒತ್ತಕ್ಷರ. ರಟ್ಟಿನ ಚೂರುಗಳಲ್ಲಿ ಅಕ್ಷರ ಬರೆದು, ಒತ್ತನ್ನು ಬೇರೆ ಚೂರು ಮಾಡಿ, ಕೆಳಗೆ ಜೋಡಿಸಿ ಜೋರಾಗಿ ಹೇಳಿಸುತ್ತಿದ್ದರು. ಕೈಯಲ್ಲಿ ಮುಟ್ಟಿ, ಬಾಯಲ್ಲಿ ಹೇಳಿ, ಕಣ್ಣಲ್ಲಿ ನೋಡಿ, ಮೂರೂ ಒಟ್ಟಿಗೆ. ದಿನಕ್ಕೆ 20 ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಅರ್ಕಾವತ್ತು ಮಾತ್ರ ಹೀಗೂ ಬಗ್ಗಲಿಲ್ಲ. ಯೋಚಿಸಿ ನೋಡಿ, ಕನ್ನಡದಲ್ಲಿ ಬೇರೆಲ್ಲ ಒತ್ತುಗಳನ್ನು ಬರೆದ ಕ್ರಮದಲ್ಲೇ ಓದುತ್ತೇವೆ. ಅರ್ಕಾವತ್ತು ಒಂದೇ, ಬಲಗಡೆ ಕೂತು ಎಡಗಡೆಯ ಶಬ್ದ ಮಾಡುವುದು. ಸೂರ್ಯದಲ್ಲಿ ಕಿವಿಗೆ ಮೊದಲು ರ ಬರುತ್ತದೆ, ಕಣ್ಣಿಗೆ ಮೊದಲು ಯ ಬರುತ್ತದೆ. "ಸೂಯರ" ಎಂದು ಓದಿದ ನನ್ನ ಮಗಳು ಕಂಡದ್ದನ್ನು ಕಂಡ ಹಾಗೆಯೇ ಓದಿದ್ದಳು.

ಒಂದು ದಿನ ಅಲ್ಲಿಯ ಸರ್ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ನುಡಿ ತಂತ್ರಾಂಶ ತೆರೆದರು. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ್ದು. ಅದರಲ್ಲಿ ಉಚ್ಚರಿಸಿದ ಕ್ರಮದಲ್ಲಿ ಒತ್ತುತ್ತಾ ಹೋಗಬೇಕು. ಸೂ, ಆಮೇಲೆ ರ, ಆಮೇಲೆ ಒತ್ತಿನ ಕೀಲಿ, ಆಮೇಲೆ ಯ. ಅರ್ಕಾವತ್ತು ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಮಗಳು ಅದನ್ನು ನೋಡಿ ಅಳಿಸಿದಳು. ಮತ್ತೆ ಒತ್ತಿದಳು. ಕರ್ಣ, ತೀರ್ಥ, ಧೈರ್ಯ, ಮಾರ್ಗ. ಬಾಯಲ್ಲಿ ಹೇಳುತ್ತಾ ಹೇಳುತ್ತಾ ಇಡೀ ಮಧ್ಯಾಹ್ನ ಅದನ್ನೇ ಮಾಡಿದಳಂತೆ. ಸಂಜೆ ಮನೆಗೆ ಬಂದು, "ಅಪ್ಪಾ, ಕಂಪ್ಯೂಟರ್‌ಗೆ ನಾನು ಹೇಳೋದು ಕೇಳ್ಸುತ್ತೆ" ಎಂದಳು.

ಓಡಾಟದ ಮಾತು ಹೇಳಲೇಬೇಕು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ತೋಟದಿಂದ ಸಕಲೇಶಪುರಕ್ಕೆ ಬೇರೆ ಬಸ್ಸು. ಬೆಳಗ್ಗೆ ಆರೂವರೆಗೆ ಮನೆ ಬಿಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ ಖರ್ಚಿಲ್ಲ, ಇಲ್ಲದಿದ್ದರೆ ನನ್ನ ಸಂಬಳದಲ್ಲಿ ಇದು ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಬಸ್ ನಿಂತರೆ ಆ ದಿನದ ಪಾಠ ಹೋಯಿತು. ಅದಕ್ಕೆ ಶಾಲೆಯವರು ಪಾಠಗಳನ್ನು ರೆಕಾರ್ಡ್ ಮಾಡಿ ಮೊಬೈಲಿಗೆ ಕಳಿಸತೊಡಗಿದರು. ಬಾಳ್ಳುಪೇಟೆ, ಪಾಳ್ಯ ದಾಟುವಷ್ಟರಲ್ಲಿ ಕಿವಿಯಲ್ಲೇ ಒಂದು ಪಾಠ ಮುಗಿಯುತ್ತದೆ. ಎನ್‌ಐಒಎಸ್‌ನವರದ್ದೇ ಮುಕ್ತ ವಿದ್ಯಾ ವಾಣಿ ಎಂಬ ರೇಡಿಯೋ ಕೂಡ ಇದೆ.

ಅವಳು ಆರಿಸಿಕೊಂಡದ್ದು ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿ, ಸಮಾಜ ವಿಜ್ಞಾನ, ಕನ್ನಡ. ಶಾಲೆಗೆ ಹೋಗುವಾಗ ಅವಳ ಬಾಯಲ್ಲಿ "ನನಗೆ ಇದು ಬೇಕು" ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಚಿತ್ರಕಲೆಗೆ ನನ್ನ ವಿರೋಧ ಇತ್ತು, ಬಿಸಿನೆಸ್ ಸ್ಟಡೀಸ್ ತಗೋ ಅಂದಿದ್ದೆ. ಅವಳು ಒಪ್ಪಲಿಲ್ಲ. ಮುಂದೆ ಪಿಯುಸಿಗೆ ತೊಂದರೆ ಆಗುತ್ತದಾ ಎಂದೂ ವಿಚಾರಿಸಿದೆ. ಬೇರೆ ಬೋರ್ಡಿನಿಂದ ಬಂದವರು ಪಿಯು ಇಲಾಖೆಯ ಅರ್ಹತಾ ಪತ್ರ ತರಬೇಕು, ಅಷ್ಟೇ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಇರುವ ಮಕ್ಕಳು ಈ ಐದು ವಿಷಯ ಆರಿಸುವಾಗಲೇ ಎಚ್ಚರವಾಗಿರಬೇಕು. ಗಣಿತ, ವಿಜ್ಞಾನ ಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಇದನ್ನು ಅಲ್ಲಿಯ ಟೀಚರ್ ನಮಗೆ ಮೂರು ಸಲ ಹೇಳಿಯೇ ಸಹಿ ಹಾಕಿಸಿಕೊಂಡರು.

ಪರೀಕ್ಷೆಯ ಕೇಂದ್ರ ನಮಗೆ ಮೈಸೂರಿನಲ್ಲಿ ಬಂತು. ಮೊದಲ ಸಲ ಎರಡೇ ವಿಷಯ ಕಟ್ಟಿದಳು, ಗೃಹವಿಜ್ಞಾನ ಮತ್ತು ಡೇಟಾ ಎಂಟ್ರಿ. ಬರೆದುಕೊಡಲು, ಅಂದರೆ ಸ್ಕ್ರೈಬ್ ಆಗಿ, ಒಬ್ಬ ಹುಡುಗಿ ಸಿಕ್ಕಳು. ಬರೆಯುವವರು ಪರೀಕ್ಷೆ ಕಟ್ಟಿದವರಿಗಿಂತ ಕೆಳಗಿನ ತರಗತಿಯವರಾಗಿರಬೇಕು, ಅನುಮತಿ ಮೊದಲೇ ತೆಗೆದುಕೊಂಡಿರಬೇಕು. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ. ಬರೆಸುವುದೂ ಒಂದು ವಿದ್ಯೆ ಎಂದು ನನಗೆ ಆಗ ತಿಳಿಯಿತು. ಉತ್ತರ ಪೂರ್ತಿ ತಲೆಯಲ್ಲಿ ಜೋಡಿಸಿಕೊಂಡು, ಬರೆಯುವವಳ ಕೈ ನೋಡಿ, ಅಷ್ಟಷ್ಟೇ ಹೇಳಬೇಕು. ಶಾಲೆಯಲ್ಲಿ ಎರಡು ತಿಂಗಳು ಅದನ್ನೇ ಅಭ್ಯಾಸ ಮಾಡಿಸಿದ್ದರು. ಅಭ್ಯಾಸವಿಲ್ಲದೆ ಸ್ಕ್ರೈಬ್ ಕೂರಿಸಿದರೆ ಮಗು ಮೂಕವಾಗುತ್ತದೆ. ರಿಯಾಯಿತಿ ಸಿಕ್ಕಿತು ಎಂದು ನೆಮ್ಮದಿಯಾಗುವ ತಂದೆತಾಯಂದಿರಿಗೆ ನಾನು ಇದನ್ನು ಕೈಮುಗಿದು ಹೇಳುತ್ತೇನೆ.

ಎರಡೂ ಪಾಸಾದವು. ಮುಂದಿನ ಸಲ ಚಿತ್ರಕಲೆ, ಸಮಾಜ ವಿಜ್ಞಾನ ಕಟ್ಟಿದಳು. ಚಿತ್ರಕಲೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಬಂತು. ಸಮಾಜ ವಿಜ್ಞಾನ 36, ಸಾಕು.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಅವಳ ಓದು ಇವತ್ತಿಗೂ ನಿಧಾನ. ಒಂದು ಪುಟಕ್ಕೆ ನನಗೆ ಎರಡು ನಿಮಿಷ, ಅವಳಿಗೆ ಹತ್ತು. ಬೆಟ್ಟು ಇಟ್ಟುಕೊಂಡೇ ಓದುತ್ತಾಳೆ. ಹಳೆಯ ಶಾಲೆಯ ಗೆಳತಿಯರು ಪಿಯುಸಿಗೆ ಹೋಗುವುದನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಮೊದಲಿನಂತೆ ಬುದ್ಧಿ ಹೇಳಲು ಹೋಗಲಿಲ್ಲ, ಪಕ್ಕದಲ್ಲಿ ಕೂತಿದ್ದೆ.

ಕಳೆದ ಕೊಯ್ಲಿನಲ್ಲಿ ಹಾಜರಿ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಸಾಹುಕಾರರು ಹೇಳಿದರು. ಭಾನುವಾರ ಅವಳನ್ನು ಕೂರಿಸಿಕೊಂಡೆ. ನನ್ನ ಹಳೇ ಪುಸ್ತಕ ನೋಡಿ ಟೈಪ್ ಮಾಡು ಎಂದರೆ ಬೇಡ ಎಂದಳು. ಕಣದಲ್ಲಿ ಕುರ್ಚಿ ಹಾಕಿಕೊಂಡು, ಹಣ್ಣು ಅಳೆಯಲು ಸಾಲಿನಲ್ಲಿ ಬಂದ ಒಬ್ಬೊಬ್ಬರನ್ನೂ "ನಿಮ್ಮ ಹೆಸರು ಹೇಳಕ್ಕಾ" ಎಂದು ಕೇಳಿ, ಕೇಳಿದ ಹಾಗೆ ಒತ್ತಿದಳು. ಪಟ್ಟಿ ಮುಗಿದಾಗ ನನ್ನ ಪುಸ್ತಕದ ಜೊತೆ ಹೋಲಿಸಿದೆ. ವರ್ಷಗಳಿಂದ ನಾನು ತಪ್ಪಾಗಿ ಬರೆದುಕೊಂಡಿದ್ದ ಎರಡು ಹೆಸರು ಸಿಕ್ಕವು.

ಈಗ ಕನ್ನಡ ಒಂದು ಬಾಕಿ. ಅಕ್ಟೋಬರ್‌ಗೆ ಕಟ್ಟುತ್ತಾಳೆ. ಮೊನ್ನೆ ಅರ್ಜಿ ತುಂಬುವಾಗ, "ಕನ್ನಡಕ್ಕೆ ಸ್ಕ್ರೈಬ್ ಬೇಡ ಅಪ್ಪಾ, ಟೈಮ್ ಜಾಸ್ತಿ ಕೊಟ್ರೆ ಸಾಕು, ನಾನೇ ಬರೀತೀನಿ" ಎಂದಳು. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಟೀಚರಿಗೆ ಫೋನ್ ಮಾಡಿದೆ. ಅವರು ಖುಷಿಪಡಲಿಲ್ಲ. "ಸ್ಕ್ರೈಬ್ ಬಿಟ್ರೆ ಗೆದ್ದಂಗೆ, ಇಟ್ಕೊಂಡ್ರೆ ಸೋತಂಗೆ ಅಂತ ಅವಳಿಗೆ ಅನ್ಸಿದ್ರೆ ಅದು ನಾವು ಕಲಿಸಿದ ತಪ್ಪು ಸರ್. ಅವಳ ಹತ್ರ ಮಾತಾಡ್ಬೇಕು, ಕಳಿಸಿ" ಎಂದರು.

ಸೋಮವಾರ ಇಬ್ಬರೂ ಕೂತು ಮಾತಾಡುತ್ತಾರೆ. ಅರ್ಜಿಯಲ್ಲಿ ಆ ಒಂದು ಕಾಲಂ ಖಾಲಿ ಬಿಟ್ಟಿದ್ದೇವೆ.